ಜಂಕ್ಷನ್ನಿನ ತನಕ

ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನದ ಪ್ರಬೋಧನೆ



ಇಂದು ಜುಲೈ ತಿಂಗಳ ನಾಲ್ಕನೆಯ ಭಾನುವಾರ. ಪೋಪ್ ಫ್ರಾನ್ಸಿಸರು 2021ರಲ್ಲಿ ಈ ಭಾನುವಾರವನ್ನು ಅಜ್ಜ-ಅಜ್ಜಿಯರಿಗೂ ಹಿರಿಯರಿಗೂ ಮೀಸಲಿಟ್ಟರು. ಪ್ರಭು ಯೇಸುವಿನ ಅಜ್ಜ-ಅಜ್ಜಿಯಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ಕ್ಕೆ ಬರುತ್ತದೆ; ಅದರ ಆಸುಪಾಸಿನ ಭಾನುವಾರವನ್ನೇ ಆರಿಸಿಕೊಂಡರು. ಪ್ರತಿ ವರ್ಷ ಈ ದಿನ ನಾವು ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ, ಶಾಲು ಹೊದಿಸುತ್ತೇವೆ, ಗುಲಾಬಿ ಕೊಡುತ್ತೇವೆ, ಫೋಟೊ ತೆಗೆಯುತ್ತೇವೆ, ಕಾಫಿ ಕೊಟ್ಟು ಮನೆಗೆ ಕಳಿಸುತ್ತೇವೆ. ಮನೆಗೆ ಹೋದ ಶಾಲು ಬೀರುವಿನಲ್ಲಿ ಹೋದ ವರ್ಷದ ಶಾಲಿನ ಮೇಲೆ ಕೂರುತ್ತದೆ. ಈ ಸಲವೂ ಶಾಲು ಇದೆ, ಇಲ್ಲವೆನ್ನುತ್ತಿಲ್ಲ. ಆದರೆ ಅದಕ್ಕೆ ಮುಂಚೆ ಒಂದು ರೈಲಿನ ವಿಷಯ ಹೇಳುವುದಿದೆ, ಆಮೇಲೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದಿದೆ.

ನಮ್ಮ ಧರ್ಮಕೇಂದ್ರದ ಹಳೆಯ ಕುಟುಂಬಗಳಲ್ಲಿ ಬಹಳಷ್ಟು ಹೊಸೂರು, ರಾಯಕೋಟೆ, ಪಾಲಕೋಡು, ಧರ್ಮಪುರಿ ಕಡೆಯಿಂದ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಬೀಗರ ಮನೆಯಲ್ಲಿ ತೆಲುಗು; ಪ್ರಾರ್ಥನೆ ಮಾತ್ರ ಯಾವ ಅಜ್ಜಿ ಕಲಿಸಿದಳೋ ಆ ಅಜ್ಜಿಯ ಭಾಷೆಯಲ್ಲಿ. 2019ರಲ್ಲಿ ಹಿರಿಯರ ಬಳಗದವರು ಒಮ್ಮೆ ಊರ ಕಡೆ ಹೋಗಿ, ಧರ್ಮಪುರಿ ಬಳಿಯ ಕೋವಿಲೂರಿನ ದೇವಾಲಯದಲ್ಲಿ ಪೂಜೆ ಕಂಡು ಬರೋಣವೆಂದರು. ನಾವು ಬಸ್ಸು ಗೊತ್ತುಮಾಡಲು ಹೊರಟಾಗ ತಡೆದವರು ಒಬ್ಬ ಹಿರಿಯರು. ಅವರ ಹೆಸರು ಹೇಳುವುದಿಲ್ಲ, ನಿಮ್ಮಲ್ಲಿ ಹಲವರಿಗೆ ಗೊತ್ತಾಗಿಯೇ ಆಗುತ್ತದೆ. 1960ರ ದಶಕದಲ್ಲಿ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ, ಕೀಮ್ಯಾನ್ ಆಗಿ, 60 ತುಂಬಿದಾಗ ನಿವೃತ್ತರಾದವರು. ಕೀಮ್ಯಾನ್ ಎಂದರೆ ದಿನವೂ ಸುತ್ತಿಗೆ ಹೆಗಲಿಗೇರಿಸಿಕೊಂಡು ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು, ಸಡಿಲವಾದ ಕೀಲುಗಳನ್ನು ಬಡಿದು ಬಿಗಿ ಮಾಡುವವನು.

"ಬಸ್ಸು ಬೇಡ ಸ್ವಾಮಿ, ಪ್ಯಾಸೆಂಜರ್‌ನಲ್ಲಿ ಹೋಗೋಣ. ಆ ಹಳೇ ಬೋಗಿಗಳನ್ನ ಇನ್ನು ಸ್ವಲ್ಪ ದಿನದಲ್ಲಿ ತೆಗೆದುಬಿಡ್ತಾರಂತೆ. ಅವೂ ನಮ್ಮ ಹಾಗೇ ರಿಟೈರ್ ಆಗೋವು. ಒಂದು ಸಾರಿ ಕೂತು ಬರೋಣ" ಎಂದರು.

ಹೀಗೆ ಇಪ್ಪತ್ತೆರಡು ಜನ ಹಿರಿಯರು, ಇಬ್ಬರು ಯುವಕರು, ನಾವು, ಮತ್ತು ಎಣಿಕೆಗೆ ಸಿಗದಷ್ಟು ಟಿಫನ್ ಡಬ್ಬಿಗಳು ಹೊರಟೆವು. ಮೊದಲಿಗೆ ಸಿಕ್ಕಿದ್ದು ಕಾರ್ಮೆಲಾರಾಂ. ಪ್ರವಾದಿ ಎಲೀಯನ ಕಾರ್ಮೆಲ್ ಬೆಟ್ಟದ ಹೆಸರನ್ನು ಹೊತ್ತ ರೈಲು ನಿಲ್ದಾಣ ನಮ್ಮ ಊರಿನಲ್ಲೇ ಇದೆ. ದಿನವೂ ಅಲ್ಲಿ ಇಳಿದು ಹತ್ತುವ ಸಾಫ್ಟ್‌ವೇರ್ ಮಕ್ಕಳಲ್ಲಿ ಎಷ್ಟು ಜನ ಅದನ್ನು ಗಮನಿಸಿದ್ದಾರೋ! ಅಲ್ಲಿಂದ ಹೀಲಲಿಗೆ, ಆನೇಕಲ್ ರೋಡ್, ಹೊಸೂರು. ಹೊಸೂರು ದಾಟಿದ ಮೇಲೆ ರೈಲು ಇಳಿಯಲು ಶುರುಮಾಡುತ್ತದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸೇಲಂ 300 ಮೀಟರಿಗೂ ಕೆಳಗೆ. ಅಷ್ಟನ್ನೂ ಕೆಲಮಂಗಲ, ರಾಯಕೋಟೆ, ಪಾಲಕೋಡು, ಶಿವಾಡಿ, ತೊಪ್ಪೂರು ಎನ್ನುತ್ತ ತಿರುವು ತಿರುವಾಗಿ ಇಳಿಯಬೇಕು. ಹಳೆಯ ಬೋಗಿ ಒಂದೊಂದು ತಿರುವಿನಲ್ಲೂ ನರಳುತ್ತಿತ್ತು. ಕಿಟಕಿಯ ಕಬ್ಬಿಣದ ಷಟರು ತಾನಾಗಿ ಬೀಳುತ್ತಿತ್ತು. ಒಬ್ಬ ಅಜ್ಜಿ ತಮ್ಮ ಕೈಚೀಲದ ಜಪಸರದಿಂದ ಅದನ್ನು ಮೇಲಕ್ಕೆ ಕಟ್ಟಿಹಾಕಿದರು. ಅದು ಸರಿಯೋ ತಪ್ಪೋ ಎಂದು ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲು ಹೋಗಲಿಲ್ಲ.

ನಮ್ಮ ಕೀಮ್ಯಾನ್ ಹಿರಿಯರು ಕಣ್ಣು ಮುಚ್ಚಿ ಕೂತಿದ್ದರು. ಮಲಗಿದ್ದಾರೆಂದುಕೊಂಡೆವು. "ಫ್ಲಾಸ್ಕು ಹಿಡ್ಕೊಳ್ಳಿ ಸ್ವಾಮಿ, ಈಗ ಎತ್ತಾಕ್ತದೆ" ಎಂದರು. ನಾವು ನಕ್ಕೆವು. ನಗು ಮುಗಿಯುವುದರೊಳಗೆ ಬೋಗಿ ಎತ್ತಿ ಹಾಕಿತು, ಕಾಫಿ ನಮ್ಮ ಬಿಳಿ ನಿಲುವಂಗಿಯ ಮೇಲೆ ಬಿತ್ತು. ಆ ಕಲೆ ಇನ್ನೂ ಪೂರ್ತಿ ಹೋಗಿಲ್ಲ. ಹದಿನೆಂಟು ವರ್ಷದ ಹಿಂದೆ ಕೆಲಸ ಬಿಟ್ಟ ಮನುಷ್ಯನ ಮೈಯಲ್ಲಿ ಆ ಹಳಿಯ ಪ್ರತಿಯೊಂದು ಸಂದೂ ಇತ್ತು.

ಅವರೇ ನಮಗೆ ಬೋಗಿಯ ವಯಸ್ಸು ಓದುವುದನ್ನು ಕಲಿಸಿದರು. ಬೋಗಿಯ ಪಕ್ಕದಲ್ಲಿ ಬರೆದಿರುವ ಸಂಖ್ಯೆಯ ಮೊದಲ ಎರಡು ಅಂಕಿಗಳು ಅದು ತಯಾರಾದ ವರ್ಷ. ನಮ್ಮದು 94ರಿಂದ ಶುರುವಾಗಿತ್ತು; ಅಂದರೆ ಇಪ್ಪತ್ತೈದು ವರ್ಷದ ಬೋಗಿ. ಅಷ್ಟು ವಯಸ್ಸಾದರೆ ಅದರ ಸೇವೆ ಮುಗಿಯುತ್ತ ಬಂತೆಂದೇ ಲೆಕ್ಕ. ಬೋಗಿಯ ತುದಿಯಲ್ಲಿ ಇನ್ನೊಂದು ಬರಹವಿರುತ್ತದೆ: ಕೊನೆಯ ಸಲ ಯಾವ ವರ್ಕ್‌ಶಾಪಿನಲ್ಲಿ, ಯಾವ ತಾರೀಖಿಗೆ ಪೂರ್ತಿ ಬಿಚ್ಚಿ ರಿಪೇರಿಯಾಯಿತು, ಮತ್ತೆ ಯಾವ ತಾರೀಖಿಗೆ ಹಿಂದಿರುಗಬೇಕು. ಪಾಪನಿವೇದನೆಗೆ ಬರುವ ತಾರೀಖನ್ನೂ ಹೀಗೆ ನಮ್ಮ ಬೆನ್ನಿನ ಮೇಲೆ ಬರೆದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ನಮಗೆ ಅನ್ನಿಸಿತು. ನಮ್ಮ ಬೆನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇವೆ. ಈ ನೀಲಿ ಬೋಗಿಗಳು ಚೆನ್ನೈ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಮಾದರಿಯವು. 1955ರಲ್ಲಿ ಶುರುವಾದ ಆ ಕಾರ್ಖಾನೆ ಈ ಮಾದರಿಯ ಕೊನೆಯ ಬೋಗಿಯನ್ನು ಹೊರಗೆ ಕಳಿಸಿದ್ದು 2018ರ ಜನವರಿಯಲ್ಲಿ. ಅಂದರೆ ನಾವು ಕೂತಿದ್ದ ಬೋಗಿಗೆ ತಮ್ಮ ತಂಗಿಯರು ಹುಟ್ಟುವುದು ಆಗಲೇ ನಿಂತುಹೋಗಿತ್ತು.

ಮಾರಂಡಹಳ್ಳಿಯಲ್ಲಿ ನಮ್ಮನ್ನು ಲೂಪ್ ಲೈನಿಗೆ ಹಾಕಿದರು. ಒಂಟಿ ಹಳಿಯ ಮಾರ್ಗವಲ್ಲವೇ, ಎದುರಿನಿಂದ ಎಕ್ಸ್‌ಪ್ರೆಸ್ ಬರುವಾಗ ಪ್ಯಾಸೆಂಜರ್ ಪಕ್ಕಕ್ಕೆ ಸರಿದು ನಿಲ್ಲಬೇಕು. ಮುಕ್ಕಾಲು ಗಂಟೆ ನಿಂತೆವು. ಬಿಸಿಲು ಏರುತ್ತಿತ್ತು, ಫ್ಯಾನು ಬೇಕೆಂದಾಗ ತಿರುಗುತ್ತಿತ್ತು, ಬೇಡವೆಂದಾಗ ನಿಲ್ಲುತ್ತಿತ್ತು. ಆ ಮುಕ್ಕಾಲು ಗಂಟೆಯಲ್ಲೇ ಅವರು ಚಿಕ್ಕ ರೈಲಿನ ಕಥೆ ಹೇಳಿದ್ದು.

ಈಗ ನಾವು ಕೂತಿರುವ ಹಳಿಗೂ ಮುಂಚೆ ಈ ಸೀಮೆಯಲ್ಲಿ ಇನ್ನೊಂದು ರೈಲು ಇತ್ತು ಎಂದರು. ಅವರು ನೋಡಿದ್ದಲ್ಲ, ಅವರ ತಂದೆ ಹತ್ತಿದ್ದ ರೈಲು. ಆಮೇಲೆ ನಾವು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಹೇಳುತ್ತೇವೆ. 1876ರಿಂದ 1878ರವರೆಗೆ ಬಿದ್ದ ದೊಡ್ಡ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಬರವೆಂದು ಕರೆದರು, ತಮಿಳಿನವರು ಧಾತು ವರ್ಷದ ಬರವೆಂದರು. ಆ ಬರದಲ್ಲಿ ತುಂಬಾ ನೊಂದ ಜಿಲ್ಲೆಗಳಲ್ಲಿ ಸೇಲಂ ಒಂದು. ಧರ್ಮಪುರಿ ಆಗ ಅದರೊಳಗೇ ಇತ್ತು, ಬೇರೆ ಜಿಲ್ಲೆಯಾದದ್ದು 1965ರಲ್ಲಿ. ಮದ್ರಾಸಿನಿಂದ ಜೋಲಾರಪೇಟೆ, ಸೇಲಂ ಮೇಲೆ ಹೋಗುವ ದೊಡ್ಡ ರೈಲು ಆ ಹೊತ್ತಿಗೆ ಬಂದಾಗಿತ್ತು. ಧಾನ್ಯ ಸ್ಟೇಷನ್ನಿನವರೆಗೆ ಬರಬಹುದಿತ್ತು. ಆದರೆ ಸ್ಟೇಷನ್ನಿನಿಂದ ಹಳ್ಳಿಗೆ? ಗಾಡಿ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಹಸಿವು ಇದ್ದದ್ದು ಕೊನೆಯ ಇಪ್ಪತ್ತು ಮೂವತ್ತು ಮೈಲಿಯಲ್ಲಿ.

ಮುಂದೆ ಬರ ಬಂದರೆ ಹೀಗಾಗಬಾರದೆಂದು ಕಟ್ಟಿದ್ದು ಎರಡು ಪುಟ್ಟ ರೈಲುಮಾರ್ಗಗಳು. 1905ರಲ್ಲಿ ತಿರುಪತ್ತೂರಿನಿಂದ ಕೃಷ್ಣಗಿರಿಗೆ ಒಂದು, 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ ಇನ್ನೊಂದು. ಹಳಿಗಳ ನಡುವೆ ಎರಡೂವರೆ ಅಡಿ ಅಗಲ, ಅಷ್ಟೇ. ಮೊರಪ್ಪೂರಿನದು ಮೊದಲು 18 ಮೈಲಿ ಇತ್ತು. 1913ರಲ್ಲಿ ಹೊಸೂರಿನವರೆಗೆ ಬೆಳೆಯಿತು. ಹಗುರ ಹಳಿ, ಹಗುರ ಡಬ್ಬಿ, ನಿಧಾನದ ಓಟ. ಏರು ಬಂದಾಗ ಗಂಡಸರು ಇಳಿದು ಪಕ್ಕದಲ್ಲಿ ನಡೆಯುತ್ತಿದ್ದರಂತೆ ಎಂದು ನಮ್ಮ ಹಿರಿಯರು ಹೇಳಿ ನಕ್ಕರು. ತಂದೆ ಹೇಳಿದ್ದನ್ನು ಮಗ ಹೇಳುವಾಗ ಸ್ವಲ್ಪ ಉಪ್ಪು ಖಾರ ಸೇರಿರಬಹುದು, ಆ ಲೆಕ್ಕ ನಿಮಗೆ ಬಿಟ್ಟದ್ದು. ಆ ರೈಲು ಯಾರನ್ನೂ ಮದ್ರಾಸಿಗೆ ಕರೆದೊಯ್ಯಲಿಲ್ಲ. ಅದರ ಕೆಲಸ ಮೊರಪ್ಪೂರಿಗೆ ಮುಗಿಯುತ್ತಿತ್ತು. ಹಳ್ಳಿಯವನನ್ನು ಜಂಕ್ಷನ್ನಿಗೆ ತಂದು ಬಿಟ್ಟು, ಜಂಕ್ಷನ್ನಿನಿಂದ ಮೂಟೆಯನ್ನು ಹಳ್ಳಿಗೆ ಹೊತ್ತು ತರುವುದು, ಅಷ್ಟೇ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದನ್ನು ಮುಚ್ಚಿ ಹಳಿ ಕಿತ್ತರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಧರ್ಮಪುರಿಗೆ ರೈಲೇ ಇರಲಿಲ್ಲ. 1960ರ ದಶಕದಲ್ಲಿ ಮೀಟರ್ ಗೇಜ್ ಬಂತು, ಅದನ್ನು ಹಾಕಲು ಕಲ್ಲು ಹೊತ್ತವರಲ್ಲಿ ನಮ್ಮ ಹಿರಿಯರೂ ಒಬ್ಬರು. 1990ರ ದಶಕದಲ್ಲಿ ಅದನ್ನೂ ಕಿತ್ತು ಬ್ರಾಡ್ ಗೇಜ್ ಹಾಕಿದರು, ಅದಕ್ಕೂ ಅವರ ಕೈ ತಗುಲಿತು. ಒಂದೇ ಸೀಮೆಯಲ್ಲಿ ಎರಡೂವರೆ ಅಡಿ, ಒಂದು ಮೀಟರ್, ಐದೂವರೆ ಅಡಿ: ಅಜ್ಜ, ಅಪ್ಪ, ಮೊಮ್ಮಗ ಬಂದ ಹಾಗೆ.

ಮೊರಪ್ಪೂರಿನಿಂದ ಧರ್ಮಪುರಿಗೆ ಮತ್ತೆ ಹಳಿ ಹಾಕಲು 2019ರಲ್ಲಿ ಅಡಿಗಲ್ಲು ಬಿತ್ತು. ಮುಚ್ಚಿ ಎಂಬತ್ತು ವರ್ಷ ಸಮೀಪಿಸಿದರೂ ಜನ ಆ ಚಿಕ್ಕ ರೈಲಿನ ಜಾಗದಲ್ಲಿ ಇನ್ನೊಂದು ಬೇಕೆಂದು ಕೇಳುವುದನ್ನು ಬಿಟ್ಟಿರಲಿಲ್ಲ.

ಪ್ರಿಯರೇ, ಈ ಕಥೆ ಕೇಳುವಾಗ ನಮಗೆ ಪವಿತ್ರ ಬೈಬಲ್ಲಿನ ಒಬ್ಬ ಮುದುಕ ನೆನಪಾದ. ಅವನ ಹೆಸರಿನಲ್ಲಿ ನಾವು ಯಾರೂ ಮಕ್ಕಳಿಗೆ ಹೆಸರಿಡುವುದಿಲ್ಲ: ಬರ್ಜಿಲ್ಲೈ. ಸಮುವೇಲನ ಎರಡನೆಯ ಗ್ರಂಥದಲ್ಲಿ ಬರುತ್ತಾನೆ. ಮಗ ಅಬ್ಷಾಲೋಮನೇ ದಂಗೆಯೆದ್ದಾಗ ದಾವೀದ ಅರಸ ಬರಿಗಾಲಲ್ಲಿ ಅಳುತ್ತ ಜೆರುಸಲೇಮನ್ನು ಬಿಟ್ಟು ಓಡಿದ, ಜೋರ್ಡನ್ ದಾಟಿ ಮಹನಯಿಮಿಗೆ ಬಂದ. ಜೊತೆಗಿದ್ದವರು ಹಸಿದಿದ್ದರು, ದಣಿದಿದ್ದರು. ಆಗ ಹಾಸಿಗೆ, ಮಡಕೆ, ಗೋಧಿ, ಜವೆ, ಜೇನು, ಮೊಸರು, ಕುರಿ ಎಲ್ಲವನ್ನೂ ಹೊತ್ತು ತಂದವರಲ್ಲಿ ಈ ಬರ್ಜಿಲ್ಲೈ ಒಬ್ಬ. ಬರಗಾಲದ ರೈಲು ಅಂದರೆ ಇದೇ. ದಂಗೆ ಮುಗಿದು ಅರಸ ಅರಮನೆಗೆ ಹಿಂದಿರುಗುವಾಗ ಆತನನ್ನು ಜೋರ್ಡನ್ ದಾಟಿಸಲು ಬರ್ಜಿಲ್ಲೈ ಬಂದ. ಎಂಬತ್ತು ವರ್ಷ ವಯಸ್ಸು. ಅರಸ ಕರೆದ: ನನ್ನ ಜೊತೆ ಜೆರುಸಲೇಮಿಗೆ ಬಾ, ನಾನು ನಿನ್ನನ್ನು ಸಾಕುತ್ತೇನೆ. ಮುದುಕ ಒಪ್ಪಲಿಲ್ಲ. ತನಗೆ ಊಟದ ರುಚಿ ತಿಳಿಯುವುದಿಲ್ಲ, ಹಾಡು ಕೇಳಿಸುವುದಿಲ್ಲ, ಅರಸನಿಗೆ ಹೊರೆಯಾಗುವುದೇಕೆ, ಹೊಳೆ ದಾಟಿ ಸ್ವಲ್ಪ ದೂರ ಬರುತ್ತೇನೆ, ಆಮೇಲೆ ನನ್ನ ಊರಿನಲ್ಲಿ ತಂದೆತಾಯಿಯ ಸಮಾಧಿಯ ಹತ್ತಿರ ಸಾಯಲು ಬಿಡು ಎಂಬ ಅರ್ಥದಲ್ಲಿ ಹೇಳಿದ. ತನ್ನ ಬದಲಿಗೆ ಕಿಮ್ಹಾಮನೆಂಬ ಹುಡುಗನನ್ನು ಮುಂದೆ ತಳ್ಳಿದ: ಇವನನ್ನು ಕರೆದುಕೊಂಡು ಹೋಗು.

ಸ್ವಲ್ಪ ದೂರ ಮಾತ್ರ. ಬರ್ಜಿಲ್ಲೈಗೆ ತನ್ನ ಗೇಜು ಗೊತ್ತಿತ್ತು. ಜಂಕ್ಷನ್ ಎಲ್ಲಿ ಬರುತ್ತದೆ, ತಾನು ಎಲ್ಲಿ ನಿಲ್ಲಬೇಕು, ಸವಾರಿಯನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದು ಗೊತ್ತಿತ್ತು. ನಮ್ಮ ಅಜ್ಜಿಯರಲ್ಲಿ ಎಷ್ಟು ಜನ ಹೀಗೆ ನಮ್ಮನ್ನು ಹೊತ್ತು ತಂದಿದ್ದಾರೆ! ತಿಮೊಥೆಯನ ವಿಶ್ವಾಸ ಅಜ್ಜಿ ಲೋವಿಯಳಿಂದ ಬಂದದ್ದೆಂದು ಸಂತ ಪೌಲರು ಬರೆದು ಇಟ್ಟಿದ್ದಾರೆ. ಹದಿನೇಳನೆಯ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಮೈಸೂರು ಸೀಮೆಗೆ ಬಂದು ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಮಾಡಿದ್ದನ್ನು ನಾವು ಚರಿತ್ರೆಯಲ್ಲಿ ಓದುತ್ತೇವೆ. ಆದರೆ ಅವರ ಕಾಲದಿಂದ ನಮ್ಮ ಕಾಲದವರೆಗೆ ಆ ಪ್ರಾರ್ಥನೆಗಳು ಪುಸ್ತಕದ ಮೂಲಕ ಬಂದದ್ದಕ್ಕಿಂತ ಓದು ಬರದ ಅಜ್ಜಿಯರ ಬಾಯಿಂದ ಬಂದದ್ದೇ ಹೆಚ್ಚು. ಇಂದು ಮೊಮ್ಮಗಳು ಇಂಗ್ಲಿಷಿನಲ್ಲಿ ಜಪಸರ ಹೇಳುತ್ತಾಳೆ, ಮೊಮ್ಮಗ ತಮಿಳು ಪೂಜೆಗೆ ಹೋಗುತ್ತಾನೆ. ಅದಕ್ಕೆ ಸಿಟ್ಟಾಗುವ ಕಾರಣವಿಲ್ಲ. ಮಾರಂಡಹಳ್ಳಿಯ ಲೂಪಿನಲ್ಲಿ ನಿಂತ ನಮ್ಮ ಬೋಗಿಯಲ್ಲಿ ಮೂರು ಭಾಷೆಯಲ್ಲಿ ಒಂದೇ ಜಪಸರ ನಡೆಯಿತು, ತಾಯಿ ಮರಿಯಮ್ಮನವರಿಗೆ ಅರ್ಥವಾಗಲಿಲ್ಲವೆಂದು ನಮಗೆ ಅನ್ನಿಸಲಿಲ್ಲ. ಆದರೆ ಅಜ್ಜಿ ಮೂಲೆಯಲ್ಲಿ ಕೂತು ಕನ್ನಡದಲ್ಲಿ ಹೇಳುವಾಗ ಒಂದು ದಶಕಕ್ಕಾದರೂ ಜೊತೆಗೆ ಕೂರುವವರು ಬೇಕು.

ಇಲ್ಲಿ ಹಿರಿಯರಿಗೂ ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಹಳೆಯ ಬೋಗಿಗಳನ್ನು ತೆಗೆಯುವುದು ಅವುಗಳ ಮೇಲಿನ ದ್ವೇಷಕ್ಕಲ್ಲ. ಅಪಘಾತವಾದಾಗ ಹಳೆಯ ಮಾದರಿಯ ಬೋಗಿಗಳು ಒಂದರ ಮೇಲೊಂದು ಏರುವ ಅಪಾಯ ಹೆಚ್ಚು. ಹೊಸ ಎಲ್‌ಎಚ್‌ಬಿ ಬೋಗಿಗಳ ಜೋಡಣೆಯನ್ನು ಹಾಗೆ ಏರದಂತೆ ಮಾಡಿದ್ದಾರೆ. ನಾವು ಹೋಗಿ ಬಂದ ಎರಡು ವರ್ಷದ ಮೇಲೆ, 2021ರ ನವೆಂಬರ್ 12ರ ಬೆಳಗಿನ ಜಾವ, ಇದೇ ಮಾರ್ಗದಲ್ಲಿ ತೊಪ್ಪೂರು ಮತ್ತು ಶಿವಾಡಿ ನಡುವೆ ಬೆಟ್ಟದಿಂದ ಬಂಡೆಗಳು ಉರುಳಿ ಕಣ್ಣೂರು-ಯಶವಂತಪುರ ಎಕ್ಸ್‌ಪ್ರೆಸ್ ಹಳಿ ತಪ್ಪಿತು. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿದ್ದರು. ಒಬ್ಬರ ಪ್ರಾಣಕ್ಕೂ ಅಪಾಯವಾಗಲಿಲ್ಲ, ದೇವರಿಗೆ ಸ್ತೋತ್ರ. ಮಕ್ಕಳನ್ನು ಕೂರಿಸುವ ಗಾಡಿ ಗಟ್ಟಿಯಿರಬೇಕು ಎಂದು ಕೇಳುವುದು ತಪ್ಪಲ್ಲ. ಆದ್ದರಿಂದ ಕಣ್ಣು ಮಂಜಾದ ಮೇಲೂ ಸ್ಕೂಟರಿನ ಕೀ ಕೊಡದ ತಾತ, ಸೊಸೆ ಬಂದು ಹತ್ತು ವರ್ಷವಾದರೂ ಸಾಸಿವೆ ಡಬ್ಬಿಯ ಅಧಿಕಾರ ಬಿಡದ ಅಜ್ಜಿ, ಇಪ್ಪತ್ತು ವರ್ಷದಿಂದ ಅದೇ ಸಂಘದ ಅಧ್ಯಕ್ಷಗಿರಿಯಲ್ಲಿರುವ ನಮ್ಮ ಗೆಳೆಯರು, ಬರ್ಜಿಲ್ಲೈಯ ಅಧ್ಯಾಯವನ್ನು ಒಮ್ಮೆ ಓದಬೇಕು. ಗುರುಗಳಿಗೂ ಇದು ತಪ್ಪಿದ್ದಲ್ಲ. 75 ತುಂಬಿದಾಗ ಧರ್ಮಾಧ್ಯಕ್ಷರಾಗಲಿ ಧರ್ಮಕೇಂದ್ರದ ಗುರುವಾಗಲಿ ರಾಜೀನಾಮೆ ಪತ್ರ ಬರೆದು ಕೊಡಬೇಕೆಂದು ಧರ್ಮಸಭೆಯ ಕಾನೂನು ಕೇಳುತ್ತದೆ. ಪೋಪರಿಗೆ ಆ ನಿಯಮವಿಲ್ಲ. ಆದರೂ ಹದಿನಾರನೆಯ ಬೆನೆಡಿಕ್ಟರು 2013ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ತಮ್ಮ ಶಕ್ತಿ ಸಾಲದೆಂದು ತಾವೇ ಹೇಳಿದರು. ಆಮೇಲೆ ಸುಮಾರು ಹತ್ತು ವರ್ಷ ಬದುಕಿದರು, ಪ್ರಾರ್ಥಿಸುತ್ತ. ಅದನ್ನು ಕೆಲವರು ಸೋಲು ಎಂದರು. ನಮಗೆ ಹಾಗೆ ಕಾಣುವುದಿಲ್ಲ.

ಕೆಲಸ ಬಿಡುವುದಕ್ಕಿಂತ ಕಷ್ಟವಾದದ್ದು ಬಿಟ್ಟ ಮೇಲಿನದು. ಈಗ ನಮ್ಮ ತಪ್ಪಿನ ವಿಷಯಕ್ಕೆ ಬರುತ್ತೇವೆ.

ಆ ಕೀಮ್ಯಾನ್ ಹಿರಿಯರಿಗೆ ಇಬ್ಬರು ಮಕ್ಕಳು. ಇಬ್ಬರ ಅನುಮತಿ ಕೇಳಿಯೇ ಇದನ್ನು ಹೇಳುತ್ತಿದ್ದೇವೆ. ಇಬ್ಬರದೂ ಬಾಡಿಗೆ ಮನೆ, ಇಬ್ಬರದೂ ಪಾಳಿ ಕೆಲಸ, ಇಬ್ಬರ ಹೆಂಡತಿಯರೂ ದುಡಿಯುತ್ತಾರೆ. ಯಾರೂ ಕೆಟ್ಟವರಲ್ಲ. 2020ರ ಮಾರ್ಚಿನಲ್ಲಿ ಪ್ಯಾಸೆಂಜರ್ ರೈಲುಗಳೆಲ್ಲ ನಿಂತವು, ಅದೇ ವರ್ಷ ಅವರ ಹೆಂಡತಿ ತೀರಿಕೊಂಡರು. ಆಮೇಲೆ ಮೂರು ತಿಂಗಳು ದೊಡ್ಡ ಮಗನ ಮನೆ, ಮೂರು ತಿಂಗಳು ಚಿಕ್ಕ ಮಗನ ಮನೆ ಎಂದಾಯಿತು. ಒಂದು ಟ್ರಂಕು, ಒಂದು ಮಡಚುವ ಕುರ್ಚಿ, ಮಾತ್ರೆಯ ಡಬ್ಬಿ, ಆಟೋ. ರೈಲುಗಳು ಮತ್ತೆ ಓಡಿದಾಗ ನಾವು ಹತ್ತಿದ್ದ ಆ ಹಳೆಯ ಬೋಗಿಗಳ ಜಾಗಕ್ಕೆ ಮೆಮು ಬರತೊಡಗಿತ್ತು. ಮೊದಮೊದಲು ಮೊದಲ ಶುಕ್ರವಾರ ನಾವು ತಪ್ಪದೆ ಪರಮಪ್ರಸಾದ ಒಯ್ದೆವು. ಹೋದ ವರ್ಷ ದೇವಾಲಯದ ಚಾವಣಿ ಕೆಲಸ ಶುರುವಾಯಿತು. ದೇಣಿಗೆ, ಕಂಟ್ರಾಕ್ಟರು, ಸಭೆ, ಹಬ್ಬದ ತಯಾರಿ. ಒಂದು ಶುಕ್ರವಾರ ತಪ್ಪಿತು. ಇನ್ನೊಂದು ತಪ್ಪಿತು. ದೊಡ್ಡ ಮಗನ ಮನೆಯಲ್ಲಿದ್ದಾರೆಂದು ನಾವು, ಚಿಕ್ಕ ಮಗನ ಮನೆಯ ಬೀದಿಯವರು ನೋಡಿಕೊಳ್ಳುತ್ತಿದ್ದಾರೆಂದು ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು. ಹೀಗೆ ಐದು ತಿಂಗಳು ಯಾರೂ ಹೋಗಲಿಲ್ಲ. ಚಾವಣಿ ಚೆನ್ನಾಗಿ ಬಂತು, ನೀವೇ ನೋಡುತ್ತಿದ್ದೀರಿ.

ಕೊನೆಗೆ ಹೋದೆವು. ಕಿಟಕಿಯ ಪಕ್ಕ ಕೂತಿದ್ದರು, ಬಹಳ ಇಳಿದುಹೋಗಿದ್ದರು. ನಾವು ಕ್ಷಮೆ ಕೇಳಲು ಬಾಯಿ ತೆರೆಯುವ ಮುಂಚೆ ಅವರೇ ಕೇಳಿದರು: "ನಿಲುವಂಗೀಲಿ ಕಾಫಿ ಕಲೆ ಹೋಯ್ತಾ ಸ್ವಾಮಿ?" ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ರಿಟೈರ್ ಆಗೋಕೆ ನಂಗೆ ಯಾವತ್ತೂ ಭಯ ಇರ್ಲಿಲ್ಲ. ಲೂಪ್‌ನಲ್ಲಿ ನಿಂತ್ರೂ ಬೇಜಾರಿಲ್ಲ, ಎಕ್ಸ್‌ಪ್ರೆಸ್ ಹೋಗ್ಲಿ, ನಮ್ಮ ಮಕ್ಕಳೇ ಅದ್ರಲ್ಲಿ ಇರೋದು. ಸ್ಟೇಷನ್ ಮಾಸ್ಟರ್‌ಗೆ ನಾವು ಅಲ್ಲಿ ನಿಂತಿದೀವಿ ಅಂತ ಗೊತ್ತಿದ್ರೆ ಸಾಕು."

ನಾವು ಏನೂ ಹೇಳಲಾಗಲಿಲ್ಲ. ಸ್ಟೇಷನ್ ಮಾಸ್ಟರ್ ನಾವೇ ಆಗಿದ್ದೆವು.

ಅಂದಿನಿಂದ ಒಂದು ವಿಷಯ ತಲೆಯಲ್ಲಿ ಸುತ್ತುತ್ತಿದೆ. ವಯಸ್ಸಾದ ಆ ಬೋಗಿಗಳೆಲ್ಲ ನೇರವಾಗಿ ಗುಜರಿಗೆ ಹೋಗುವುದಿಲ್ಲ. ಬಹಳಷ್ಟನ್ನು ವರ್ಕ್‌ಶಾಪಿಗೆ ಒಯ್ದು, ಸೀಟು ಫ್ಯಾನು ತೆಗೆದು, ಕಿಟಕಿಗಳನ್ನು ಮುಚ್ಚಿ ಬೆಸೆದು, ತುದಿಯಲ್ಲಿ ದೊಡ್ಡ ಬಾಗಿಲಿಟ್ಟು ಹೊಸ ಕಾರುಗಳನ್ನು ಸಾಗಿಸುವ ಗಾಡಿಯಾಗಿ ಮಾಡುತ್ತಾರೆ. ಜನರನ್ನು ಹೊರುವ ಕೆಲಸ ಮುಗಿದ ಮೇಲೂ ಹಳಿಯ ಮೇಲೆಯೇ ಇರುತ್ತವೆ. ಹಿಂದೆ ನಾವು ಇದನ್ನು ಚೆಂದದ ಉದಾಹರಣೆಯೆಂದು ಬರೆದಿಟ್ಟುಕೊಂಡಿದ್ದೆವು, ಹಿರಿಯರಿಗೂ ಇನ್ನೊಂದು ಕೆಲಸವಿದೆ ಎಂದು ಹೇಳಲು. ಈಗ ಅದರಲ್ಲಿ ಅರ್ಧ ಮಾತ್ರ ಸರಿಯೆನಿಸುತ್ತದೆ. ಹಿರಿಯರಿಂದ ಏನು ಕೆಲಸ ತೆಗೆಯಬಹುದೆಂದು ಲೆಕ್ಕ ಹಾಕುವುದೂ ಒಂದು ಬಗೆಯ ಗುಜರಿ ವ್ಯಾಪಾರವೇ. ಬರ್ಜಿಲ್ಲೈಯಿಂದ ದಾವೀದನಿಗೆ ಇನ್ನು ಯಾವ ಪ್ರಯೋಜನವೂ ಇರಲಿಲ್ಲ. ಆದರೂ ಅರಸ ಹೊಳೆಯ ದಡದಲ್ಲಿ ನಿಂತ. ಇಡೀ ದಂಡು ದಾಟಿತ್ತು, ಅರಮನೆ ಕಾಯುತ್ತಿತ್ತು. ಅರಸ ಆ ಮುದುಕನಿಗೆ ಮುತ್ತಿಟ್ಟು ಆಶೀರ್ವದಿಸಿ ಊರಿಗೆ ಕಳಿಸಿದ. ವರ್ಷಗಳ ಮೇಲೆ ತಾನು ಸಾಯುವಾಗಲೂ ಮಗ ಸೊಲೊಮೋನನನ್ನು ಕರೆದು, ಬರ್ಜಿಲ್ಲೈಯ ಮಕ್ಕಳು ನಿನ್ನ ಪಂಕ್ತಿಯಲ್ಲಿ ಊಟ ಮಾಡಲಿ ಎಂದು ಹೇಳಿದ್ದನ್ನು ಅರಸುಗಳ ಮೊದಲನೆಯ ಗ್ರಂಥದಲ್ಲಿ ನೋಡುತ್ತೇವೆ.

ಈ ವಾರ ನಾವು ಪಾಲನಾ ಪರಿಷತ್ತಿನವರ ಜೊತೆ ಕೂತು ಪಟ್ಟಿ ಮಾಡಿದೆವು. ಪೂಜೆಗೆ ಬರಲಾಗದ ಹಿರಿಯರು ನಮ್ಮ ಧರ್ಮಕೇಂದ್ರದಲ್ಲಿ ಇಪ್ಪತ್ತೇಳು ಜನ. ಅದರಲ್ಲಿ ಒಂಬತ್ತು ಜನರ ಈಗಿನ ವಿಳಾಸ ನಮಗೆ ಗೊತ್ತಿರಲಿಲ್ಲ. ನಮ್ಮ ಪುಸ್ತಕದಲ್ಲಿದ್ದದ್ದು ಹಳೆಯ ಮನೆಯ ವಿಳಾಸ. ಮೂರು ಜನರ ವಿಳಾಸ ಇನ್ನೂ ಸಿಕ್ಕಿಲ್ಲ. ಆ ಮೂರು ಹೆಸರುಗಳನ್ನು ಬಾಗಿಲ ಬಳಿಯ ಫಲಕದಲ್ಲಿ ಹಾಕಿದ್ದೇವೆ, ತಿಳಿದವರು ಹೇಳಿ. ಜಪಸರ ಗುಂಪಿನವರು ಮನೆಮನೆಗೆ ಹೋಗುವಾಗ ಹಿರಿಯರು ಯಾವ ಭಾಷೆಯಲ್ಲಿ ಕಲಿತರೋ ಆ ಭಾಷೆಯಲ್ಲೇ ಶುರುಮಾಡಿ. ನಿಮಗೆ ಬಾರದಿದ್ದರೆ ಅವರೇ ಹೇಳಿಕೊಡುತ್ತಾರೆ.

ಪೂಜೆಯ ಕೊನೆಗೆ ರೋಗಿಗಳ ಅಭ್ಯಂಗ ಸಂಸ್ಕಾರ ಇದೆ. ಶಾಲು ಆಮೇಲೆ. ಹನ್ನೊಂದು ಗಂಟೆಗೆ ನಾವು ಪರಮಪ್ರಸಾದ ತೆಗೆದುಕೊಂಡು ಕೀಮ್ಯಾನ್ ಹಿರಿಯರ ಮನೆಗೆ ಹೋಗುತ್ತೇವೆ, ಈಗ ಚಿಕ್ಕ ಮಗನ ಪಾಳಿ. ಅವರ ಜೊತೆ ರೈಲಿನಲ್ಲಿ ಬಂದಿದ್ದ ಇಪ್ಪತ್ತೆರಡು ಜನರಲ್ಲಿ ಹದಿನಾಲ್ಕು ಜನ ಉಳಿದಿದ್ದೀರಿ, ನಡೆಯಬಲ್ಲವರು ಬನ್ನಿ. ಮನೆ ಚಿಕ್ಕದು, ಎಲ್ಲರೂ ಒಳಗೆ ಹಿಡಿಸುವುದಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂರಬಹುದು. ಫ್ಲಾಸ್ಕಿನಲ್ಲಿ ಕಾಫಿ ನಾವೇ ತರುತ್ತೇವೆ.